ಹದಿನೆಂಟು ಅಡಿಯ ಹಲಗೆಗಳು

ಹಲಗೆಯ ಉದ್ದ ಹದಿನೆಂಟು ಅಡಿ ನಾಲ್ಕು ಅಂಗುಲ. ಅಗಲ ಒಂಬತ್ತು ಅಂಗುಲ, ದಪ್ಪ ಒಂದೂಕಾಲು ಅಂಗುಲ. ಎರಡು ದಿಮ್ಮಿಗಳಿಂದ ಒಟ್ಟು ಇಪ್ಪತ್ತೊಂಬತ್ತು ಹಲಗೆ. ಇಷ್ಟನ್ನೂ ಉಕ್ಕಿನ ಟೇಪು ಹಿಡಿದು ಅಳೆದು ರಿಜಿಸ್ಟರಿಗೆ ಏರಿಸಿದವಳು ನಾನೇ. ಪಕ್ಕದಲ್ಲಿ ‘ಉಪಯೋಗ’ ಎಂಬ ಕಾಲಂ ಇತ್ತು. ಅಲ್ಲಿ ‘ಬಾಗಿಲು’ ಎಂದು ಬರೆದೆ.

ಅದು 1964ನೆಯ ಇಸವಿ. ನಾನು ಸಾಗರದ ಒಂದು ಮರಗೆಲಸ ತರಬೇತಿ ಕೇಂದ್ರದಲ್ಲಿ ಸೀಸನಿಂಗ್ ಅಸಿಸ್ಟೆಂಟ್ ಆಗಿದ್ದೆ. ಸೀಸನಿಂಗ್ ಎಂದರೆ ಹಸಿ ಮರ ಸೀಳದಂತೆ, ಸೊಟ್ಟಗಾಗದಂತೆ ಹದವಾಗಿ ಒಣಗಿಸುವುದು. ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಆರು ತಿಂಗಳ ತರಬೇತಿ ಪಡೆದು ಬಂದಿದ್ದೆ. ನನಗೆ ಇಪ್ಪತ್ಮೂರು ವರ್ಷ. ಕೇಂದ್ರದಲ್ಲಿ ಹೆಂಗಸು ಎಂದರೆ ನಾನೊಬ್ಬಳೇ. ಮಾತು ಕಡಿಮೆ ಆಡಿದರೆ ತೊಂದರೆಯೂ ಕಡಿಮೆ ಎಂದುಕೊಂಡು ಹಾಗೆಯೇ ನಡೆದುಕೊಂಡಿದ್ದೆ.

ಶರಾವತಿಯ ಅಣೆಕಟ್ಟು ಮುಗಿಯುತ್ತಾ ಬಂದಿತ್ತು. ಮುಂದಿನ ಮಳೆಗಾಲಕ್ಕೆ ನೀರು ನಿಲ್ಲುವ ಜಾಗದ ಮರಗಳನ್ನು ಕಡಿದು ಸಾಗಿಸುತ್ತಿದ್ದರು. ಮತ್ತಿ, ನಂದಿ, ಹೊನ್ನೆ, ಹೆಬ್ಬಲಸು. ಕಾಡಿನ ಮರ ಸರ್ಕಾರಕ್ಕೆ ಹೋಗುತ್ತಿತ್ತು. ಹಿತ್ತಿಲಿನ, ಗದ್ದೆಯಂಚಿನ ಮರವನ್ನು ಮನೆಯವರೇ ಒಯ್ಯಬಹುದೆಂದು ಚೀಟಿ ಕೊಡುತ್ತಿದ್ದರು. ಹಾಗೆ ಉಳಿಸಿಕೊಂಡ ಮರವನ್ನು ಹೊಸ ಮನೆಗೆ ಬಳಸಿಕೊಳ್ಳಲಿ ಎಂದು ನಮ್ಮ ಕೇಂದ್ರದಲ್ಲಿ ಸೀಳಿ, ಒಣಗಿಸಿ ವಾಪಸು ಕೊಡುವ ಏರ್ಪಾಡಾಗಿತ್ತು.

ಜನವರಿ ಕೊನೆಯಲ್ಲಿ ಕನ್ನಪ್ಪ ಎಂಬ ರೈತ ಎರಡು ಹೆಬ್ಬಲಸಿನ ದಿಮ್ಮಿಗಳನ್ನು ತಂದ. ಶರಾವತಿ ದಾಟುವ ಹೊಳೆಬಾಗಿಲು ಎಂಬ ಊರಿನ ಆಚೆ ದಡದವನು. ಆಗ ಹೊಳೆಯಲ್ಲಿ ಮೊಣಕಾಲುದ್ದ ನೀರು, ಗಾಡಿಯೇ ದಾಟುತ್ತಿತ್ತು. ಐವತ್ತರ ಹತ್ತಿರದ ಮನುಷ್ಯ, ನಿಂತಲ್ಲೇ ನಿಲ್ಲುವ ಸ್ವಭಾವ. ಜೊತೆಗೆ ಹೆಂಡತಿ ದ್ಯಾವಮ್ಮ ಬಂದಿದ್ದಳು. ದಿಮ್ಮಿಗಳ ಎರಡೂ ತುದಿಗೆ ಸಗಣಿ, ಕೆಮ್ಮಣ್ಣು ಕಲಸಿ ದಪ್ಪಗೆ ಮೆತ್ತಿದ್ದರು. ತುದಿಯಿಂದ ಬೇಗ ನೀರು ಆರಿ ಮರ ಬಾಯಿ ಬಿಡಬಾರದೆಂದು ಮಾಡುವ ಉಪಾಯ ಅದು. ಚೆನ್ನಾಗಿ ಮಾಡಿದ್ದರು. ನಾನು ಅದನ್ನೂ ಹೇಳಲಿಲ್ಲ.

“ಯಾವುದಕ್ಕೆ?” ಎಂದು ಕೇಳಿದೆ. ಕಾಲಂ ತುಂಬಬೇಕಾಗಿತ್ತು.

“ಬಾಗ್ಲಿಗೆ ಅಮ್ಮಾ,” ಎಂದ ಕನ್ನಪ್ಪ. “ಹೊಸನಗರದ ಹತ್ರ ಜಾಗ ಕೊಟ್ಟಾರೆ. ಅಲ್ಲಿ ಮನೆ ಕಟ್ಟಾದು.”

“ಎಷ್ಟು ಉದ್ದಕ್ಕೆ ಕೊಯ್ಯಬೇಕು?”

“ಉದ್ದ ಕಡೀಬೇಡಿ. ಇದ್ದಂಗೇ ಇರ್ಲಿ.”

ದ್ಯಾವಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಇನ್ನೊಂದು ಮಾತು ಕೇಳಬಹುದೆಂದು ಕಾಯುತ್ತಿದ್ದಳು ಎಂದು ಈಗ ಅನ್ನಿಸುತ್ತದೆ. ನಾನು ರಸೀದಿ ಹರಿದು ಕೊಟ್ಟೆ.

ಅವರು ಹೇಳಿದ್ದು ಸುಳ್ಳು. ಹೊಸನಗರದ ಕಡೆಯ ಜಾಗಕ್ಕೆ ಅವರು ಹೋಗುವವರಿರಲಿಲ್ಲ. ಗದ್ದೆ ಮತ್ತು ರಸ್ತೆ ಮುಳುಗಿದರೂ ಗುಡ್ಡದ ಮೇಲಿನ ಹಕ್ಕಲು ಜಮೀನು ಮತ್ತು ಮನೆ ಉಳಿಯುತ್ತಿದ್ದವು. ಅಲ್ಲೇ ಇರುವುದೆಂದು ತೀರ್ಮಾನಿಸಿದ್ದರು. ಅವರ ಮಗಳು ಗೌರಿಗೆ ಚೊಚ್ಚಲ ಬಸಿರು. ಹೆರಿಗೆಗೆ ತವರಿಗೆ ಬರುವವಳು, ದಿನ ತುಂಬುವುದು ಜುಲೈ ಕೊನೆಗೆ. ಅಷ್ಟರಲ್ಲಿ ಮನೆಯ ಮುಂದೆ ಮೈಲಿಗಟ್ಟಲೆ ನೀರು ನಿಂತಿರುತ್ತದೆ. ಮಗಳನ್ನು ನೀರು ದಾಟಿಸಿ ಸಾಗರದ ಆಸ್ಪತ್ರೆಗೆ ಕರೆತರಲು ಕನ್ನಪ್ಪನಿಗೆ ಒಂದು ದೋಣಿ ಬೇಕಾಗಿತ್ತು. ದೋಣಿಗೆ ಎಂದರೆ, ಖಾಲಿ ಮಾಡಬೇಕಾದ ಜಾಗದಲ್ಲಿ ಇನ್ನೂ ಕೂರುವವರು ಇವರು ಎಂದು ಮರದ ಚೀಟಿಯನ್ನೇ ಕಿತ್ತುಕೊಂಡಾರು ಎಂಬ ಹೆದರಿಕೆ. ಅದಕ್ಕೇ ಬಾಗಿಲಿಗೆ ಎಂದ.

ಇದೆಲ್ಲ ನನಗೆ ಗೊತ್ತಾದದ್ದು ಜುಲೈನಲ್ಲಿ. ಓದುವವರಿಗೆ ಈಗಲೇ ಹೇಳುತ್ತಿದ್ದೇನೆ. ಮುಂದಿನ ಅಂಕಿಗಳನ್ನು ಅದನ್ನು ತಿಳಿದೇ ಓದಬೇಕು.

ಮರದೊಳಗಿನ ನೀರನ್ನು ಶೇಕಡಾದಲ್ಲಿ ಹೇಳುತ್ತೇವೆ. ಹಲಗೆಯಿಂದ ಒಂದು ಚಿಕ್ಕ ತುಂಡು ಕತ್ತರಿಸಿ ತೂಗುವುದು, ಓವನ್ನಿನಲ್ಲಿಟ್ಟು ಪೂರ್ತಿ ಒಣಗಿಸಿ ಮತ್ತೆ ತೂಗುವುದು. ಕಳೆದುಹೋದ ತೂಕ ಒಣ ತೂಕದ ಶೇಕಡಾ ಎಷ್ಟು ಎಂಬುದೇ ತೇವಾಂಶ. ಕನ್ನಪ್ಪನ ಹಲಗೆಗಳು ಗರಗಸದಿಂದ ಬಂದ ದಿನ ಶೇಕಡಾ 64 ಇತ್ತು. ಅಡ್ಡಪಟ್ಟಿ ಇಟ್ಟು ಒಂದರ ಮೇಲೊಂದು ಪೇರಿಸಿ ಒಂಬತ್ತು ವಾರ ನೆರಳಿನ ಗಾಳಿಗೆ ಬಿಟ್ಟೆ. 27ಕ್ಕೆ ಇಳಿಯಿತು. ಏಪ್ರಿಲ್‌ನಲ್ಲಿ ಕಿಲ್ನಿಗೆ ಹಾಕಿದೆ. ಕಿಲ್ನ್ ಎಂದರೆ ಶಾಖ, ಹಬೆ ಮತ್ತು ಗಾಳಿಯನ್ನು ಬೇಕಾದಷ್ಟೇ ಕೊಟ್ಟು ಮರ ಒಣಗಿಸುವ ಕೋಣೆ. ನಮ್ಮದು ಇಪ್ಪತ್ತು ಅಡಿ ಉದ್ದದ್ದು. ಹಲಗೆಗಳನ್ನು ಒಳಗಿಟ್ಟಾಗ ಬಾಗಿಲಿಗೂ ಅವಕ್ಕೂ ಮಧ್ಯೆ ಒಂದೂವರೆ ಅಡಿ ಜಾಗ ಉಳಿಯಿತು. ಅದನ್ನೂ ಬರೆದಿದ್ದೇನೆ. ಯಾವ ಮನೆಯ ಬಾಗಿಲಿಗೂ ಏಳು ಅಡಿಗಿಂತ ಉದ್ದದ ಹಲಗೆ ಬೇಡ. ಉದ್ದ ಬೇಕಾಗಿಲ್ಲದಿದ್ದರೆ ಕತ್ತರಿಸಿ ಒಣಗಿಸುವುದು ಸುಲಭ. ಇದೂ ನನಗೆ ಗೊತ್ತಿತ್ತು.

ಹದಿಮೂರನೆಯ ದಿನ ತೇವಾಂಶ 12ಕ್ಕೆ ಬಂತು. ಬಾಗಿಲು, ಮೇಜು, ಬೀರುಗಳಿಗೆ ಅಷ್ಟು ಸರಿ. ತೆಗೆಯಲು ಹೇಳಿದೆ.

ಆಗ ಪುಟ್ಟಾಚಾರಿ ಬಂದ. ಅವನು ಕೇಂದ್ರದಲ್ಲಿ ಬಡಗಿ ಕೆಲಸ ಕಲಿಸುವವನು. ಬಾಗಿಲು, ಕಿಟಕಿ, ಕೆತ್ತನೆಯ ಪೆಟ್ಟಿಗೆಗಳಲ್ಲಿ ಅವನ ಕೈಗೆ ಸಮನಾದ ಕೈ ಸಾಗರದಲ್ಲಿ ಇನ್ನೊಂದಿಲ್ಲ ಎನ್ನುತ್ತಿದ್ದರು. ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟು ಕೇಳಿದ.

“ಅಕ್ಕೋರೆ, ಇನ್ನೊಂದೆರಡು ದಿನ ಇರ್ಲಿ.”

“ಹನ್ನೆರಡಕ್ಕೆ ಬಂದಿದೆ.”

“ನಿಮ್ಮ ನಂಬರು ನಂಗೆ ತಿಳೀದು ಮಾರಾಯ್ರೆ. ಘಂಟೆ ಹೊಡ್ದಂಗೆ ಕೇಳ್ಬೇಕು. ಈ ಕೆಲ್ಸ ನಂದೇ, ಕನ್ನಪ್ಪ ನಂಗೇ ವಹಿಸ್ಯಾನೆ. ಸಂದಿ ಕೂಡ್ಸಿದ್ರೆ ಕ್ಯಾಲೆಂಡ್ರು ಹಾಳೆ ಒಳಗೆ ಹೋಗ್ಬಾರ್ದು, ಹಂಗೆ ಮಾಡ್ತೀನಿ.”

ಅವನಿಗೆ ಗೊತ್ತಿತ್ತು, ಅದು ದೋಣಿ ಎಂದು. ಯಾರಿಗೂ ಹೇಳಬೇಡ ಎಂದು ಕನ್ನಪ್ಪ ಕೈಮೇಲೆ ಕೈ ಇಡಿಸಿಕೊಂಡಿದ್ದ. ಪುಟ್ಟಾಚಾರಿ ಅಲ್ಲಿಯವರೆಗೆ ಒಂದು ದೋಣಿಯನ್ನೂ ಮಾಡಿದವನಲ್ಲ. ಆ ಹೊಳೆಯಲ್ಲಿ ಒಂಟಿಮರ ಕೊರೆದ ಚಿಕ್ಕ ದೋಣಿ, ಬಿದಿರಿನ ತೆಪ್ಪ ಬಿಟ್ಟರೆ ಬೇರೆ ಬೇಕಾಗಿಯೇ ಇರಲಿಲ್ಲ. ಹಲಗೆ ಜೋಡಿಸಿದ ದೋಣಿ ಕರಾವಳಿಯವರ ವಿದ್ಯೆ. ಅವನ ಮೂವತ್ತು ವರ್ಷದ ಅನುಭವ ಹೇಳಿದ್ದು ಇಷ್ಟೇ: ಮರ ಒಣಗಿದಷ್ಟೂ ಒಳ್ಳೆಯದು, ಸಂದಿ ಬಿಗಿಯಾದಷ್ಟೂ ಒಳ್ಳೆಯದು. ಬಾಗಿಲಿನ ಮಟ್ಟಿಗೆ ಎರಡೂ ಸರಿ.

ಎರಡು ದಿನ ಬಿಟ್ಟೆ. ಹಲಗೆ ಹೊರಬಂದಾಗ 10.5. ಒಂದೂ ಸೀಳಿರಲಿಲ್ಲ, ಒಂದೂ ಬಾಗಿರಲಿಲ್ಲ. ಆವರೆಗೆ ನಾನು ತೆಗೆದ ಎಲ್ಲ ಕಿಲ್ನಿಗಿಂತ ಅದು ಚೆನ್ನಾಗಿತ್ತು. ನನಗೆ ಖುಷಿಯಾಗಿತ್ತು ಎಂದು ಬರೆಯುವುದು ಸತ್ಯ, ಹಾಗಾಗಿ ಬರೆಯುತ್ತಿದ್ದೇನೆ.

ಕನ್ನಪ್ಪ ಗಾಡಿ ತಂದು ಇಪ್ಪತ್ತು ಹಲಗೆ ಒಯ್ದ. ಉಳಿದ ಒಂಬತ್ತು ಆಮೇಲೆ ಬೇಕಾದಾಗ ಎಂದು ನಮ್ಮ ಶೆಡ್ಡಿನಲ್ಲೇ ಬಿಟ್ಟ. ಬೇಸಿಗೆ ರಜೆಯಲ್ಲಿ ಪುಟ್ಟಾಚಾರಿ ಆಚೆ ದಡಕ್ಕೆ ಹೋಗಿ ಇಪ್ಪತ್ತೆರಡು ದಿನ ಇದ್ದು ದೋಣಿ ಮುಗಿಸಿ ಬಂದ. ಎಲ್ಲಿಗೆ ಹೋಗಿದ್ದೆ ಎಂದು ಯಾರೋ ಕೇಳಿದಾಗ, “ಅರಮನೆ ಬಾಗ್ಲು ಹಾಕಕ್ಕೆ ಹೋಗಿದ್ದೆ ಕಣೋ,” ಎಂದು ನಗಿಸಿದ. ನಾನು ಪಕ್ಕದ ಕೋಣೆಯಲ್ಲಿ ತೂಕ ಮಾಡುತ್ತಿದ್ದೆ, ಕೇಳಿಸಿತು.

ಜೂನ್‌ನಲ್ಲಿ ಮಳೆ ಹಿಡಿಯಿತು. ನೀರು ಏರುತ್ತಾ ಹೋಯಿತು. ಜುಲೈ ಮೊದಲ ವಾರದ ಹೊತ್ತಿಗೆ ಕನ್ನಪ್ಪನ ಗದ್ದೆ ಮುಳುಗಿ ನೀರು ಹಕ್ಕಲಿನ ಕೆಳಗೆ ಬಂತು. ದೋಣಿ ಅಲ್ಲಿಯವರೆಗೆ ಕೊಟ್ಟಿಗೆಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಕವುಚಿ ಬಿದ್ದಿತ್ತು. ಒಂದು ಸೋಮವಾರ ಪೂಜೆ ಮಾಡಿ ನೀರಿಗಿಳಿಸಿದರು. ಒಂದು ಹನಿ ಒಳಬರಲಿಲ್ಲವಂತೆ. ಕನ್ನಪ್ಪ ದಡದುದ್ದಕ್ಕೂ ಎರಡು ಸುತ್ತು ಹಾಕಿದ. ಗೌರಿ ಜಗಲಿಯಲ್ಲಿ ನಿಂತು ನೋಡಿದಳು. ದೋಣಿಯನ್ನು ನೀರಿನಲ್ಲೇ ಒಂದು ಮರಕ್ಕೆ ಕಟ್ಟಿ ಬಿಟ್ಟರು.

ಒಣ ಮರ ನೀರು ಕುಡಿದರೆ ಊದುತ್ತದೆ, ಉದ್ದಕ್ಕಲ್ಲ, ಅಗಲಕ್ಕೆ. ಒಂಬತ್ತು ಅಂಗುಲದ ಹೆಬ್ಬಲಸಿನ ಹಲಗೆ ಆ ಒಣಗಿನಿಂದ ನೆನೆದರೆ ಹೆಚ್ಚುಕಡಿಮೆ ಕಾಲು ಅಂಗುಲ ಅಗಲವಾಗುತ್ತದೆ. ದೋಣಿಯ ಒಂದೊಂದು ಪಕ್ಕಕ್ಕೆ ಏಳು ಹಲಗೆ. ಏಳು ಕಾಲು ಎಂದರೆ ಒಂದೂಮುಕ್ಕಾಲು ಅಂಗುಲ. ಕ್ಯಾಲೆಂಡರ್ ಹಾಳೆ ಹೋಗದಂತೆ ಕೂಡಿಸಿದ ಸಂದಿಗಳಲ್ಲಿ ಆ ಒಂದೂಮುಕ್ಕಾಲು ಅಂಗುಲಕ್ಕೆ ಜಾಗವಿರಲಿಲ್ಲ. ಹಲಗೆಗಳು ಒಂದನ್ನೊಂದು ದೂಡಿದವು, ದೂಡಿ ಹೊರಕ್ಕೆ ಉಬ್ಬಿದವು. ಬುಧವಾರ ಬೆಳಿಗ್ಗೆ ಕನ್ನಪ್ಪ ಹೋಗಿ ನೋಡಿದಾಗ ಒಳಗಿನ ಅಡ್ಡತೊಲೆಗಳಿಂದ ಮೊಳೆಗಳು ಕಿತ್ತು ಬಂದಿದ್ದವು, ಐದು ಹಲಗೆ ಉದ್ದಕ್ಕೆ ಸೀಳಿದ್ದವು, ದೋಣಿ ಅಂಚಿನವರೆಗೆ ನೀರು ತುಂಬಿ ನಿಂತಿತ್ತು.

ಗೌರಿಗೆ ಎರಡು ವಾರ ಮೊದಲೇ, ಗುರುವಾರ ಬೆಳಗ್ಗೆ ನೋವು ಬಂತು. ಬಿದಿರಿನ ತೆಪ್ಪದ ಮೇಲೆ ಚಾಪೆ ಹಾಸಿ ಮಲಗಿಸಿಕೊಂಡು ಹೊರಟರು. ಎದುರು ಗಾಳಿ. ದೋಣಿಯಲ್ಲಿ ಒಂದು ತಾಸಿನ ದಾರಿಗೆ ನಾಲ್ಕು ತಾಸಿಗೂ ಹೆಚ್ಚು ಹಿಡಿಯಿತು. ಹೊಳೆಬಾಗಿಲಿನಿಂದ ಒಂದು ಲಾರಿ ಸಿಕ್ಕಿತು. ಆಸ್ಪತ್ರೆಯಲ್ಲಿ ಮಗು ಹುಟ್ಟಿದಾಗ ಉಸಿರಿರಲಿಲ್ಲ. ಹೆಣ್ಣು ಮಗು. ಗೌರಿ ಉಳಿದಳು.

ಶನಿವಾರ ಕನ್ನಪ್ಪ, ದ್ಯಾವಮ್ಮ ಆಸ್ಪತ್ರೆಯಿಂದ ನಡೆದು ಕೇಂದ್ರಕ್ಕೆ ಬಂದರು. ನಾನು ತಕ್ಕಡಿಯ ಮುಂದೆ ಕೂತಿದ್ದೆ. ಕನ್ನಪ್ಪ ಬಾಗಿಲಲ್ಲೇ ನಿಂತ.

“ಅಮ್ಮಾ, ಆ ಒಂಬತ್ತು ಹಲಗೆ ಬೇಕಾಗಿತ್ತು.”

“ಕೊಡೋಣ. ಬಾಗಿಲು ಹಾಕಿದ್ದಾಯಿತೇ?” ಎಂದೆ. ಅಷ್ಟು ಮಾತು ಕೂಡ ನಾನು ಸಾಮಾನ್ಯವಾಗಿ ಆಡುತ್ತಿರಲಿಲ್ಲ. ಆ ದಿನ ಯಾಕೋ ಆಡಿದೆ.

ಅವನು ತಲೆ ತಗ್ಗಿಸಿದ. ಆಮೇಲೆ ನಿಧಾನವಾಗಿ, ಗಾಡಿ ಹೊಳೆ ದಾಟಿದ ದಿನದಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ನಡುವೆ ಎಲ್ಲೂ ದನಿ ಏರಲಿಲ್ಲ. ಮಗುವಿನ ವಿಷಯವನ್ನೂ ಹಲಗೆ ಸೀಳಿದ ವಿಷಯದಂತೆಯೇ ಹೇಳಿದ.

“ನಂದೇ ತಪ್ಪು. ಸುಳ್ಳು ಹೇಳ್ದೋನು ನಾನು.”

“ಹೌದು, ಇವ್ರು ಸುಳ್ಳು ಹೇಳಿದ್ರು,” ಎಂದಳು ದ್ಯಾವಮ್ಮ. ಅವಳು ನನ್ನನ್ನೇ ನೋಡುತ್ತಿದ್ದಳು. “ನೀವು ಓದ್ದೋರು. ಅಳ್ದೋರೂ ನೀವೇ. ಹದಿನೆಂಟಡಿ ಬಾಗ್ಲು ಎಲ್ಲಾದ್ರೂ ಕಂಡಿದ್ರಾ ತಂಗೀ?”

“ಸುಮ್ನಿರೇ,” ಎಂದ ಕನ್ನಪ್ಪ.

“ಸುಮ್ನೇ ಇದೀನಿ. ಕೇಳ್ದೆ ಅಷ್ಟೆ.”

ನಾನು ಇಲ್ಲ ಎಂದೆ. ಕಂಡಿಲ್ಲ ಎಂದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಗೌರಿಯನ್ನು ಹತ್ತು ದಿನದಲ್ಲಿ ಮನೆಗೆ ಕಳಿಸುತ್ತಾರಂತೆ, ಅವಳನ್ನು ಮತ್ತೆ ಆ ತೆಪ್ಪದ ಮೇಲೆ ಮಲಗಿಸುವುದಿಲ್ಲ, ಅಷ್ಟರಲ್ಲಿ ದೋಣಿ ಆಗಬೇಕು ಎಂದಳು. ಅವರು ಬಂದದ್ದು ಅದಕ್ಕೆ.

ನನಗೆ ಅಳು ಬರಲಿಲ್ಲ. ತಕ್ಕಡಿಯ ಮೇಲಿದ್ದ ತುಂಡಿನ ತೂಕ ಬರೆದುಕೊಂಡೆ. ಅದು ಬೇರೆಯವರ ಮತ್ತಿ ಮರದ್ದು.

ಭಾನುವಾರ ಪುಟ್ಟಾಚಾರಿಯೂ ನಾನೂ ಬಸ್ಸಿನಲ್ಲಿ ಹೋಗಿ, ಕನ್ನಪ್ಪನ ತೆಪ್ಪದಲ್ಲಿ ದಾಟಿದೆವು. ದೋಣಿಯನ್ನು ಎಳೆದು ದಡಕ್ಕೆ ಹಾಕಿದ್ದರು. ಪುಟ್ಟಾಚಾರಿ ಅದರ ಸುತ್ತ ಒಮ್ಮೆ ನಡೆದ. ಬಾಯಿಬಿಟ್ಟ ಜಾಗಗಳನ್ನು ಬಿಟ್ಟರೆ ಉಳಿದ ಸಂದಿಗಳು ಆಗಲೂ ಕೂದಲೆಳೆ ಹೋಗದಷ್ಟು ಬಿಗಿಯಾಗಿದ್ದವು. ಅವನು ಕೂತುಕೊಂಡು ಒಂದು ಮೊಳೆಯನ್ನು ಕೈಯಿಂದಲೇ ಎಳೆದು ತೆಗೆದ.

“ಬಾಗ್ಲಿನಂಗೆ ಮಾಡ್ಬಿಟ್ಟೆ ಅಕ್ಕೋರೆ.”

“ನಾನು ಬಾಗಿಲಿಗೆ ಒಣಗಿಸಿಕೊಟ್ಟೆ.”

“ನೀವು ಕೇಳಿದ್ರೆ ನಾನು ಹೇಳ್ತಿದ್ನೋ ಏನೋ.”

“ನೀನು ಹೇಳಿದ್ದರೆ ನಾನು ತೇವಾಂಶ ಇಪ್ಪತ್ತಿರುವಾಗಲೇ ನಿಲ್ಲಿಸುತ್ತಿದ್ದೆ. ಹಲಗೆ ಊದಲು, ಸಂದಿಯಲ್ಲಿ ನೂಲು ತುರುಕಲು ಎಡೆ ಬಿಡಬೇಕು ಎನ್ನುತ್ತಿದ್ದೆ. ಪುಸ್ತಕದಲ್ಲಿದೆ.”

ನಾನು ಹಲಗೆಗಳ ಅಗಲ ಅಳೆದೆ. ಒಂಬತ್ತೂಕಾಲು, ಒಂಬತ್ತೂಕಾಲು, ಒಂಬತ್ತೂಕಾಲಿಗೆ ಚೂರು ಕಡಿಮೆ. ಲೆಕ್ಕ ಸರಿಯಾಗಿತ್ತು.

ಸೋಮವಾರ ಕೇಂದ್ರದ ಸೂಪರಿಂಟೆಂಡೆಂಟರು ಕರೆಸಿದರು. ಮಾತು ಅವರವರೆಗೆ ಹೋಗಿತ್ತು. ಕಾಳಜಿಯ ಮನುಷ್ಯ. “ರಿಜಿಸ್ಟರಿನಲ್ಲಿ ಬಾಗಿಲು ಎಂದಿದೆ. ಬಾಗಿಲಿಗೆ ನೀವು ಒಣಗಿಸಿದ ಶೆಡ್ಯೂಲು ಸರಿ ಇದೆ. ಹಾಗೆಂದು ಒಂದು ಟಿಪ್ಪಣಿ ಬರೆದು ಫೈಲಿಗೆ ಹಾಕಿ. ನಿಮ್ಮ ಮೇಲೆ ಏನೂ ಬರುವುದಿಲ್ಲ,” ಎಂದರು.

ಬರೆದೆ. ಶಾಖ ಎಷ್ಟು, ಹಬೆ ಎಷ್ಟು, ಯಾವ ದಿನ ಎಷ್ಟು ತೇವಾಂಶ. ಒಂದು ಸುಳ್ಳೂ ಇರಲಿಲ್ಲ. ಎರಡು ಪುಟವಾಯಿತು. ಕೆಳಗೆ, ಹಲಗೆಗಳ ಉದ್ದ ಬಾಗಿಲಿಗೆ ಹೊಂದುವುದಿಲ್ಲ ಎಂಬುದು ಅಳೆಯುವಾಗಲೇ ನನಗೆ ಕಾಣುತ್ತಿತ್ತು, ವಿಚಾರಿಸಲಿಲ್ಲ ಎಂದು ಸೇರಿಸಿ ಸಹಿ ಮಾಡಿದೆ. ಅವರು ಓದಿ, ಕನ್ನಡಕ ತೆಗೆದು, “ಇದು ಬೇಕಾಗಿರಲಿಲ್ಲ,” ಎಂದರು. ಹಾಗಂತ ವಾಪಸೂ ಕೊಡಲಿಲ್ಲ.

ಅದಾಗಿ ಐದು ವರ್ಷ. ಈಗ ತೀರ್ಥಹಳ್ಳಿಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಮರವನ್ನು ಅದು ಮುಂದೆ ಇರಬೇಕಾದ ಜಾಗಕ್ಕೆ ತಕ್ಕಂತೆ ಒಣಗಿಸಬೇಕು ಎಂಬ ಪಾಠ ತರಬೇತಿಯ ಮೊದಲ ವಾರದ್ದು. ಪರೀಕ್ಷೆಯಲ್ಲಿ ಅದಕ್ಕೆ ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಜಾಗ ಯಾವುದು ಎಂದು ಮಾತ್ರ ಮರ ತಂದವರೇ ಹೇಳಬೇಕು. ಅವರು ಹೇಳಲು ಹೆದರಿದರೆ, ಹೆದರಿಕೆ ಕಳೆಯುವವರೆಗೆ ಎದುರು ಕೂತು ಮಾತಾಡಬೇಕು. ನನ್ನ ಸ್ವಭಾವಕ್ಕೆ ಅದು ಈಗಲೂ ಕಷ್ಟ. ಕಾಲಂ ತುಂಬುವ ಮುಂಚೆ ಕುರ್ಚಿ ಎಳೆದು ಕೂರಲು ಹೇಳುತ್ತೇನೆ. ಕೆಲವರು ಕೂರುತ್ತಾರೆ.

ಟಿಪ್ಪಣಿ ಕೊಟ್ಟ ಮರುದಿನ, ಮಂಗಳವಾರ ಬೆಳಿಗ್ಗೆ ಏಳಕ್ಕೇ ಕೇಂದ್ರಕ್ಕೆ ಹೋದೆ. ಶೆಡ್ಡಿನ ಹಿಂದೆ ಬಿದಿರು ನೆನೆಹಾಕುವ ಹೊಂಡವಿದೆ, ಸೊಂಟದುದ್ದ ನೀರು. ಕನ್ನಪ್ಪನ ಒಂಬತ್ತು ಹಲಗೆಗಳು ಈಗಲೇ ನೆನೆದು ಊದಿದರೆ, ದೋಣಿಗೆ ಹೊಡೆದ ಮೇಲೆ ಇನ್ನು ಊದುವುದಿಲ್ಲ. ಮೂರು ದಿನ ನೀರಿನಲ್ಲಿ, ಎರಡು ದಿನ ನೆರಳಿನಲ್ಲಿ, ಅಷ್ಟು ಸಾಕು ಎಂದು ಲೆಕ್ಕ ಹಾಕಿದ್ದೆ. ಹಲಗೆಯ ಒಂದು ತುದಿ ಹಿಡಿದು ಎಳೆಯುತ್ತಿದ್ದಾಗ ಪುಟ್ಟಾಚಾರಿ ಬಂದ. ಏನನ್ನೂ ಕೇಳದೆ ಇನ್ನೊಂದು ತುದಿ ಹಿಡಿದ. ಒಂಬತ್ತನ್ನೂ ಹೊಂಡದ ಅಂಚಿಗೆ ತಂದು, ಅವನು ಪಂಚೆ ಎತ್ತಿ ಕಟ್ಟಿ, ನಾನು ಸೀರೆ ಸಿಕ್ಕಿಸಿ, ನೀರಿಗಿಳಿದೆವು. ಒಂದೊಂದನ್ನೇ ನೀರಿಗೆ ಒತ್ತಿ ಮೇಲೆ ಕಲ್ಲಿಟ್ಟೆವು. ಹಲಗೆಗಳು ಮುಳುಗಲಿಲ್ಲ. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತಿತ್ತು, ಕಲ್ಲು ಜಾರಿ ಬೀಳುತ್ತಿತ್ತು, ಹಲಗೆ ತೇಲಿ ಬರುತ್ತಿತ್ತು. ಅಷ್ಟು ಚೆನ್ನಾಗಿ ಒಣಗಿದ್ದವು.

“ಕಲ್ಲು ಸಾಲ್ದು ಅಕ್ಕೋರೆ,” ಎಂದ ಪುಟ್ಟಾಚಾರಿ, ಎರಡು ಹಲಗೆಗಳ ಮೇಲೆ ಮೈಭಾರ ಹಾಕಿ ನಿಂತುಕೊಂಡು.

ನಾನು ಇನ್ನಷ್ಟು ಕಲ್ಲು ತರಲು ಮೇಲೆ ಹತ್ತಿದೆ.